ಗೀಟು

ರೂವಿಯ ಹಳೇ ಕಟ್ಟಡ, ನಾಲ್ಕನೇ ಮಹಡಿ.
ಲಿಫ್ಟು ಕೆಟ್ಟು ಎರಡು ತಿಂಗಳು.
ಒಬ್ಬ ಮನುಷ್ಯನ ಕೋಣೆ ಖಾಲಿ ಮಾಡುವುದೆಂದರೆ
ಅಂಗಿ ಆರು, ಪಂಚೆ ಎರಡು, ಒಂದು ಇಸ್ತ್ರಿಪೆಟ್ಟಿಗೆ,
ಮತ್ತೆ ನೂರ ಎಂಬತ್ತು ಕಿಲೋ ಕಲ್ಲು.

ಪಡುಬಿದ್ರಿಯ ತಂಗಿ ಫೋನಿನಲ್ಲಿ ಅತ್ತು ಮುಗಿಸಿ ಕೇಳಿದರು:
ಕಲ್ಲಾ? ಇಲ್ಲಿ ಕಲ್ಲಿಲ್ಲವಾ ಅಣ್ಣಾ?

ವಾಮನ ಸುವರ್ಣರು ಎ.ಸಿ. ಡಕ್ಟಿನ ಕಂಪನಿಯಲ್ಲಿ ಸ್ಟೋರ್‌ಕೀಪರು.
ಇಪ್ಪತ್ತೇಳು ವರ್ಷ ನಟ್ಟು ಬೋಲ್ಟು ಎಣಿಸಿದ ಕೈ
ಕಲ್ಲನ್ನೂ ಹಾಗೇ ಜೋಡಿಸಿತ್ತು, ಮೊಟ್ಟೆಯ ಟ್ರೇಗಳಲ್ಲಿ,
ಗುಳಿಗೊಂದರಂತೆ.
ಅಡಿಯಲ್ಲಿ ಚೀಟಿ. ಚೀಟಿಯಲ್ಲಿ ಮೊದಲ ಹೆಸರು
ಕಲ್ಲಿನದಲ್ಲ, ಹೆಕ್ಕಿದವರದು.

‘ಸಫೀಕುಲ್, ಪ್ಲಂಬರ್. ಫಂಜಾ ವಾದಿ. ಸರ್ಪೆಂಟಿನೈಟ್.’
‘ಜೆನಿಟಾ, ಏಳನೇ ಕ್ಲಾಸು, ಶೀತ ಆಗಿತ್ತು. ಜಿಪ್ಸಮ್.’
‘ಹೆಸರು ಕೇಳಲು ಮರೆತ ಡ್ರೈವರ್. ಏನೆಂದು ತಿಳಿಯಲಿಲ್ಲ.’

ಶುಕ್ರವಾರ ನಸುಕಿಗೆ ಮುರಾದ್ ಬಕ್ಷನ ಶಾಲೆ ಬಸ್ಸು
ಡೀಸೆಲ್ಲಿನ ಕಾಸಿಗಷ್ಟೇ ಕ್ಯಾಂಪಿನ ಗೇಟಿಗೆ ಬರುತ್ತಿತ್ತು.
ವಾರವಿಡೀ ಗೋಡೆ ನೋಡಿದವರು ಹತ್ತುತ್ತಿದ್ದರು,
ಹಿಂದೆ ಮಕ್ಕಳು, ನೀರಿನ ಕ್ಯಾನು, ಪೇಪರಿನಲ್ಲಿ ಸುತ್ತಿದ ಪರೋಟ.
ಸುವರ್ಣರ ಚೀಲದಲ್ಲಿ ಮೂರೇ ಸಾಮಾನು:
ಸತ್ತ ಸ್ಪೀಕರಿನ ಅಯಸ್ಕಾಂತ,
ಕಣ್ಣಿನ ಮದ್ದಿನ ಬಾಟಲಿಯಲ್ಲಿ ವಿನೆಗರು,
ಬಚ್ಚಲಿಂದ ಕಿತ್ತ ಟೈಲು, ಅದರ ಒರಟು ಹಿಂಬದಿ.

‘ಮೇಲಿನ ಬಣ್ಣಕ್ಕೆ ಮರುಳಾಗಬೇಡಿ ಮಾರಾಯ್ರೆ,
ಗೀಚಿದರೆ ಏನು ಬಿಡುತ್ತದೆ ನೋಡಿ.’

ಹಸಿರುಗಪ್ಪು ಗುಡ್ಡ ತೋರಿಸಿ ಒಮ್ಮೆ ಹೇಳಿದ್ದರು,
ಇದು ಸಮುದ್ರದ ತಳ, ತಂದು ಇಲ್ಲಿಟ್ಟದ್ದು.
ಯಾರಿಟ್ಟದ್ದು, ಅಂದಳು ಜೆನಿಟಾ.
ತುಂಬ ಹೊತ್ತು ಯೋಚಿಸಿ ಅಂದರು:
ಯಾರೂ ಅಲ್ಲ. ನಿಧಾನ.

ಜಗತ್ಯಾಲದ ಎಲ್ಲಯ್ಯನಿಗೆ ಸಿಕ್ಕಿದ್ದು
ಹಳದಿ ಹೊಳಪಿನ ತುಂಡು, ಕಡಲೆಬೀಜದಷ್ಟು.
ಯಾರಿಗೂ ತೋರಿಸದೆ ಒಂಬತ್ತು ದಿನ
ತಲೆದಿಂಬಿನ ಹೊಲಿಗೆಯೊಳಗಿಟ್ಟು ಮಲಗಿದ್ದನಂತೆ.
ಹತ್ತನೆಯ ರಾತ್ರಿ ತಂದ. ಕದ ಹಾಕಿದ.
ಸುವರ್ಣರು ಟೈಲು ಹೊರಗೆ ತೆಗೆಯಲೇ ಇಲ್ಲ.
ಚಹಾ ಕಾಸಿದರು. ಎಷ್ಟು ಸಾಲ, ಎಷ್ಟು ಬಡ್ಡಿ,
ಏಜೆಂಟನ ಹೆಸರೇನು, ಬರೆದುಕೊಂಡರು.
ಮೂರು ವಾರ ಟೈಪಿಂಗ್ ಅಂಗಡಿಗೆ, ಕಚೇರಿಗೆ ಅಲೆದು
ತಡೆಹಿಡಿದ ಐದು ತಿಂಗಳ ಸಂಬಳ ಕೈಗೆ ಬಂದ ಮೇಲೆಯೇ
ಅವನ ಕೈಯಿಂದಲೇ ಗೀಚಿಸಿದರು.
ಕಪ್ಪು ಗೀಟು.
‘ನೋಡು, ನಾನೂ ಸುವರ್ಣ, ಪಾಸ್‌ಪೋರ್ಟಿನಲ್ಲಿ ಮಾತ್ರ.’
ಎಲ್ಲಯ್ಯ ನಗಲಿಲ್ಲ. ನಗು ಬಂದದ್ದು ಊರಿಗೆ ಹೊರಟ ದಿನ,
ಏರ್‌ಪೋರ್ಟಿನ ಸಾಲಿನಲ್ಲಿ, ಒಬ್ಬನೇ.

ಮೇ ತಿಂಗಳು, ಸ್ಟೋರಿನ ಎರಡು ಕಪಾಟುಗಳ ನಡುವೆ
ಕೂತವರು ಏಳಲಿಲ್ಲ.
ಹನ್ನೊಂದು ಜನರ ಶವ ಊರು ಮುಟ್ಟಿಸಿದವರ ಕಾಗದಕ್ಕೆ
ನಾವು ಯಾರಿಗೆ ಫೋನು ಮಾಡುವುದು?
ಅವರದೇ ಡೈರಿ ತೆರೆದರೆ ಇತ್ತು: ಯಾವ ಕೌಂಟರು ಮೊದಲು,
ಎಷ್ಟು ಪ್ರತಿ, ಯಾವ ಗುಮಾಸ್ತ ಊಟಕ್ಕೆ ಬೇಗ ಏಳುತ್ತಾನೆ.
ಓದಿದ ಹಾಗೆ ಮಾಡಿದೆವು. ಒಂದೂ ತಪ್ಪಲಿಲ್ಲ.

ಅವತ್ತಿನಿಂದ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ,
ಏದುಸಿರು ಬಿಡುತ್ತ, ತಮ್ಮ ತಮ್ಮ ಚೀಟಿ ಹುಡುಕಿ
ತಮ್ಮ ಕಲ್ಲು ಒಯ್ಯುತ್ತಿದ್ದಾರೆ.
ಸಫೀಕುಲ್ ಬಂದ, ಸ್ಪಾನರಿನ ಜೊತೆ ಜೇಬಿಗಿಳಿಸಿದ.
ಜೆನಿಟಾ ಬಂದಳು, ಈಗ ನರ್ಸು,
ಶೀತ ಆಗಿತ್ತೆಂದು ಓದಿ ಬಾಗಿಲ ಬಳಿ ನಿಂತೇ ಇದ್ದಳು.
ಊರು ಸೇರಿದವರದನ್ನು ಮುರಾದ್ ವಾದಿಗೆ ಮರಳಿಸಿದ,
ಚೀಟಿಯಲ್ಲಿದ್ದ ಜಾಗಕ್ಕೇ.

ಉಳಿದದ್ದು ಹೆಸರು ಕೇಳಲು ಮರೆತ ಡ್ರೈವರಿನದು.
ಮತ್ತೆ ಆ ಟೈಲು, ಗೀಟಿನ ಮೇಲೆ ಗೀಟು,
ಎಳೆ ಮಗುವಿನ ಸ್ಲೇಟಿನಂತೆ.
ಒಂದು ಮೂಲೆ ಬರಿದಿತ್ತು. ಗೀಚಿದೆ.
ಕಂದು. ಅಥವಾ ಕೆಂಪೋ.
ಬಲ್ಬಿನ ಬೆಳಕು ಸಾಲದು,
ನಾಳೆ ಕಿಟಕಿಯ ಹತ್ತಿರ ನೋಡಬೇಕು.